ಬೆನ್ನಿನ ಜಿಪ್ಪು

ಬೆಳಿಗ್ಗೆ ಎಂಟು ಹತ್ತು. ಆಸ್ಪತ್ರೆಯಿಂದ ಬಂದ ದೇಹವನ್ನು ಹಾಲ್‌ನಲ್ಲಿ ಮಲಗಿಸಲು ಜಾಗ ಸಾಲದೆ ಅಳಿಯ ಟಿವಿ ಮೇಜನ್ನು ಗೋಡೆಗೆ ತಳ್ಳುತ್ತಿದ್ದ. ಕೆಳಗೆ ಜೋಡಿಸಿದ್ದ ವಿಡಿಯೊ ಕ್ಯಾಸೆಟ್ಟುಗಳು ಚೆಲ್ಲಾಪಿಲ್ಲಿಯಾದವು. ಎಲ್ಲವೂ ಹಳೆಯ ಕಪ್ಪು-ಬಿಳುಪು ಚಿತ್ರಗಳು: ಸಮುದ್ರದಿಂದ ಎದ್ದುಬಂದ ದೈತ್ಯ ಹಲ್ಲಿ, ಹಾರುವ ತಟ್ಟೆಯಲ್ಲಿ ಬಂದಿಳಿದ ಅನ್ಯಗ್ರಹದವರು, ಮನೆಯಷ್ಟು ದೊಡ್ಡ ಜೇಡ.

"ಅತ್ತೆ, ಇವನ್ನ ಗುಜರಿಗೆ ಹಾಕಿಬಿಡೋಣ್ವಾ?"

"ಮೊದ್ಲು ಅವರನ್ನ ಕಳಿಸೋಣ. ಆಮೇಲೆ ಅವರ ಭೂತಗಳ ವಿಚಾರ," ಎಂದಳು ತೀರಿಕೊಂಡವನ ಹೆಂಡತಿ.

ಸತ್ತವನಿಗೆ ಅರವತ್ತಾರು. ನಲವತ್ತು ವರ್ಷ ಕಟ್ಟುಹಲ್ಲು ಮಾಡಿದವನು.

*

ಮದುವೆಯಾದ ಎರಡನೇ ವಾರ ಆಕೆಯನ್ನು ಟಾಕೀಸಿಗೆ ಕರೆದೊಯ್ದಿದ್ದ. ಪರದೆಯ ಮೇಲೆ ಹಲ್ಲಿ ಸೇತುವೆ ಮುರಿಯುತ್ತಿತ್ತು. ಜನ ಉಸಿರು ಬಿಗಿಹಿಡಿದಿದ್ದರು. ಆಕೆ ಕಿಸಕ್ಕನೆ ನಕ್ಕಳು.

"ರೀ, ಅದರ ಬೆನ್ನ ಮೇಲೆ ಜಿಪ್ಪು!"

ಮುಂದಿನ ಸಾಲಿನವರೂ ನಕ್ಕರು. ಆತ ಮತ್ತೆಂದೂ ಆಕೆಯನ್ನು ಚಿತ್ರಕ್ಕೆ ಕರೆಯಲಿಲ್ಲ. ಮೂವತ್ತೊಂಬತ್ತು ವರ್ಷ, ಭಾನುವಾರದ ಮಧ್ಯಾಹ್ನಗಳಲ್ಲಿ, ಮನೆಯಲ್ಲೇ ಕ್ಯಾಸೆಟ್ಟು ಹಾಕಿಕೊಂಡು ಒಬ್ಬನೇ ನೋಡಿದ. ಆಕೆ ಅಡುಗೆಮನೆಯಲ್ಲಿ ಕೂತು ಗೋಡೆಯಾಚೆಯ ಕಿರುಚಾಟ ಕೇಳಿಸಿಕೊಂಡಳು. ಒಂದು ಸಲ ಕರೆದಿದ್ದರೆ ಹೋಗುತ್ತಿದ್ದಳು. ತಾನಾಗಿ ಹೋಗಲು ಕಾಲು ಏಳಲಿಲ್ಲ.

*

ಒಂಬತ್ತೂವರೆಗೆ ಕಟ್ಟುಹಲ್ಲಿನ ವರ್ಕ್‌ಶಾಪಿನ ಜೊತೆಗಾರ ಬಂದ. ಆಕೆ ಕ್ಯಾಸೆಟ್ಟುಗಳನ್ನು ಎತ್ತಿಡುತ್ತಿದ್ದಳು. ಆತನೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಕೆಲಸದಲ್ಲಿ ಇವುಗಳ ಸುದ್ದಿ ಎತ್ತುತ್ತಿದ್ರಾ ನಿಮ್ಮಣ್ಣ?" ಎಂದು ಆಕೆ ಕೇಳಿದಳು.

"ಎತ್ತೋದೇನು ಅತ್ತಿಗೆ, ಕಿವಿ ತೂತು ಬೀಳೋ ಹಾಗೆ! 'ಆ ಮೃಗದ ಮೇಲಿನ ಹಲ್ಲುಸೆಟ್ಟು ಸಡಿಲ ಕಣೋ, ನಾನಾಗಿದ್ರೆ ಇನ್ನೊಂದು ಅಳತೆ ತಗೋತಿದ್ದೆ' ಅನ್ನೋರು. ಅದು ಮುಗಿದ್ರೆ ನಿಮ್ಮ ಜಿಪ್ಪಿನ ಕತೆ."

ಆಕೆಯ ಕೈ ನಿಂತಿತು. "ಸಿಟ್ಟಲ್ಲಿ ಹೇಳ್ತಿದ್ರಾ?"

"ಸಿಟ್ಟಾ? ಹೆಮ್ಮೆ! ಅಲ್ಲಿವರೆಗೂ ಮೃಗಾನೇ ನೋಡ್ತಿದ್ರಂತೆ. ಆಮೇಲೆ ವೇಷದೊಳಗಿರೋ ಮನುಷ್ಯನ್ನ ನೋಡೋಕೆ ಶುರು ಮಾಡಿದ್ರು. ಪಾಪ, ಎಷ್ಟು ಸೆಖೆಯೋ, ಕಣ್ಣು ಕಾಣುತ್ತೋ ಇಲ್ವೋ, ಆದ್ರೂ ಊರು ಕೆಡವ್ತಾನಲ್ಲ ಅಂತ. 'ಕಣ್ಣು ಅಂದ್ರೆ ನನ್ನ ಹೆಂಡ್ತೀದು' ಅನ್ನೋರು."

"ಮತ್ತೆ ನನ್ನನ್ಯಾಕೆ ಕರೀಲಿಲ್ಲ?"

"ನಿಮಗೆ ಸೇರಲ್ಲ ಅಂದ್ಕೊಂಡಿದ್ರು. 'ಅವಳಿಗ್ಯಾಕೆ ಶಿಕ್ಷೆ' ಅಂತ."

ಆಕೆ ಗಂಡನ ಕಡೆ ತಿರುಗಿದಳು.

"ಶಿಕ್ಷೆಯಂತೆ! ಊರವರಿಗೆಲ್ಲ ಹಲ್ಲು ಕಟ್ಟಿಕೊಟ್ರಿ. ನಿಮಗೆ ಬಾಯಿ ಇರ್ಲಿಲ್ವೇನ್ರೀ?"

ಪಕ್ಕದ ಮನೆಯಾಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಹನ್ನೊಂದಕ್ಕೆ ವಾಹನ ಹೊರಟಿತು. ಮೂರೂವರೆಯ ಹೊತ್ತಿಗೆ ಬಂದವರೆಲ್ಲ ಹೋದರು. ಕೊನೆಗೆ ಜೊತೆಗಾರನೂ ಚಪ್ಪಲಿ ಮೆಟ್ಟುತ್ತಿದ್ದಾಗ ಆಕೆ ತಡೆದಳು.

"ಈ ಕ್ಯಾಸೆಟ್ಟಿನ ಮಿಷಿನ್ನು ಹಾಕೋದು ಹೇಗೆ, ತೋರ್ಸಿ ಹೋಗಿ."

"ಯಾವುದು ಹಾಕ್ಲಿ?"

"ಯಾವುದಾದ್ರೂ. ನಾನು ಒಂದನ್ನೂ ಪೂರ್ತಿ ನೋಡಿಲ್ಲ."

ಆತ ಜೇಡದ್ದನ್ನು ಹಾಕಿದ. ಚಿತ್ರ ಎಪ್ಪತ್ತೊಂದು ನಿಮಿಷದ್ದು. ಅಳಿಯ ಎರಡು ಸಲ ಊಟಕ್ಕೆ ಕರೆದ. ಆಕೆ ಏಳಲಿಲ್ಲ.