ನಾಲ್ಕು ಡಿಗ್ರಿ

"ಏ ಮುನಿವೆಂಕಟಮ್ಮ, ಮೂಗಿಲ್ವೇನೇ ನಿಂಗೆ? ಲಿಫ್ಟ್‌ವರೆಗೂ ನಾತ ಬರ್ತಿದೆ. ನಿಮ್ ಜನಕ್ಕೇನೋ ಅಭ್ಯಾಸ, ನಮ್ಗೂ ಬೇಕಾ?"

ಬನಶಂಕರಿಯ ನಮ್ಮ ಮೆಡಿಕಲ್ ಕಾಲೇಜಿನ ಅನಾಟಮಿ ಮುಖ್ಯಸ್ಥ ಡಾಕ್ಟರ್ ರವಿಕಿರಣ್ ಕರ್ಚೀಫಿನಲ್ಲಿ ಮೂಗು ಮುಚ್ಚಿ ನಿಂತಿದ್ದ. ನಾನೂ ವ್ಯಾನ್ ಓಡಿಸುವ ಬೋರಣ್ಣನೂ ಹೆಣದ ಫ್ರಿಜ್ಜಿನಿಂದ ಸೋರಿದ ನೀರು ಬಳಿಯುತ್ತಿದ್ದೆವು. ಫ್ರಿಜ್ಜು ಕೆಟ್ಟು ಹನ್ನೊಂದು ದಿನ. ದಿನಾ ಹೇಳಿದ್ದೆವು.

"ನಾಳೆ ಮಾನ್ಯತೆಯೋರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಎರಡು ಖಾನೆದು ಹೊಸ ಫ್ರಿಜ್ ಬಾಡಿಗೆಗೆ ತರ್ಸಿದೀನಿ. ಚೆನ್ನಾಗಿರೋ ಎರಡು ಬಾಡಿ ಅದ್ರಲ್ಲಿಡಿ. ಮಿಕ್ಕಿದ್ ಐದನ್ನ ಕಾಲೇಜಿನ ಗೊಟ್ಟಿಗೆರೆ ಶೆಡ್ಡಿಗೆ ಸಾಗ್ಸಿ, ಅವ್ರ ಕಣ್ಣಿಗೆ ಬೀಳ್ಬಾರ್ದು."

"ಪಾರವ್ವನ್ನೂವಾ ಸಾರ್?" ಬೋರಣ್ಣ ಕೇಳಿದ.

"ಯಾವ ಪಾರವ್ವ?"

ಹದಿನಾಲ್ಕು ವರ್ಷ ಈ ಡಾಕ್ಟರನ ಕೋಣೆ ಗುಡಿಸಿದವಳು. ಯಾದಗಿರಿ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಒಬ್ಬಳೇ ಇದ್ದಳು. "ನಾ ಅಂತೂ ಸಾಲಿ ಕಲೀಲಿಲ್ಲ. ಸತ್ತ್ ಮ್ಯಾಲರ ಹುಡುಗ್ರ ಓದಿಗೆ ಬರ್ತೀನಿ" ಎಂದು ದೇಹದಾನದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಆವತ್ತು ಇವನೇ ಶಾಲು ಹೊದಿಸಿ ಅವಳ ಜೊತೆ ಫೋಟೋ ತೆಗೆಸಿಕೊಂಡಿದ್ದ.

"ಓ, ಆ ಕಸ ಗುಡ್ಸೋಳಾ? ಅದೂ ಹೋಗ್ಲಿ. ಕೊಳ್ತಿರೋ ಮಾಲು."

ಬೋರಣ್ಣ ಒಂದು ಹೆಜ್ಜೆ ಮುಂದಿಟ್ಟ. ನಾನು ಅವನ ತೋಳು ಹಿಡಿದು, "ಆಯ್ತು ಸಾರ್" ಎಂದೆ.

ಬೆಳಿಗ್ಗೆ ಐದು ಹೆಣವನ್ನೂ ವ್ಯಾನಿಗೆ ಏರಿಸಿದೆವು. ಪಾರವ್ವನನ್ನು ಕೊನೆಗೆ ಎತ್ತಿದೆವು. ಅವಳ ತೋಳಿನ ಚರ್ಮ ನನ್ನ ಬೆರಳಿಗೆ ಸುಲಿದು ಬಂತು. ಅಳು ಬರಲಿಲ್ಲ.

"ಬೋಳಿಮಗ," ಎಂದ ಬೋರಣ್ಣ. "ಗೊಟ್ಟಿಗೆರೆಗೇ ಓಡ್ಸದಾ ಅಕ್ಕ?"

"ಬ್ಯಾಡ. ಹಂಗೇ ಒಂದ್ ಸುತ್ತು ಹೊಡ್ದು ಬಾ. ಇನ್‌ಸ್ಪೆಕ್ಷನ್ನೋರು ಬಂದು ಕುಂತ್ಕಳ್ಲಿ."

ಹನ್ನೊಂದಕ್ಕೆ ಮೀಟಿಂಗ್ ಹಾಲಿನಲ್ಲಿ ಮೂವರು ಅಧಿಕಾರಿಗಳು ಕೇಸರಿಬಾತ್ ತಿನ್ನುತ್ತಿದ್ದರು. ಸ್ಟ್ರೆಚರ್ ಹಿಡಿದು ಬಾಗಿಲಾಚೆ ನಿಂತ ನಮಗೆ ಒಳಗಿನ ಮಾತು ಕೇಳುತ್ತಿತ್ತು.

"ದೇಹಗಳ್ನ ಎಷ್ಟು ಡಿಗ್ರೀಲಿ ಇಡ್ತೀರಾ?" ಹೆಣ್ಣು ಅಧಿಕಾರಿ ಕೇಳಿದಳು.

"ನಾಲ್ಕು, ಮೇಡಂ," ಎಂದ ರವಿಕಿರಣ್. "ಒಂದಿನಾನೂ ಏರಿಲ್ಲ."

ಬಾಗಿಲು ತಳ್ಳಿದೆವು. ಪಾರವ್ವನ ಸ್ಟ್ರೆಚರನ್ನು ಮೇಜಿಗೆ ತಾಗಿಸಿ ನಿಲ್ಲಿಸಿ, ಹೊದಿಕೆ ಎಳೆದೆ. ತಟ್ಟೆಗಳು ನೆಲಕ್ಕೆ ಬಿದ್ದವು. ಒಬ್ಬ ಅಧಿಕಾರಿ ಕೂತಲ್ಲೇ ವಾಂತಿ ಮಾಡಿಕೊಂಡ.

"ಲೇ ಸೂಳೆ..." ರವಿಕಿರಣ್ ನನ್ನ ಮೇಲೆ ಕೈ ಎತ್ತಿದ. ಬೋರಣ್ಣ ಆ ಕೈಯನ್ನು ಗಾಳಿಯಲ್ಲೇ ಹಿಡಿದು, ತಿರುಚಿ, ಪಾರವ್ವನ ಎದೆಯ ಮೇಲೆ ಅಂಗೈ ಊರಿಸಿ ಅದುಮಿದ. ಡಾಕ್ಟರು ಕೊಸರಾಡಿದ. ಬೋರಣ್ಣ ಬಿಡಲಿಲ್ಲ.

"ಎಷ್ಟು ಡಿಗ್ರಿ ಐತೆ ಹೇಳಿ ಸಾರ್," ಎಂದೆ. "ಮೇಡಂ ಬರ್ಕಳ್ಲಿ. ಕೆಳಗೆ ವ್ಯಾನಲ್ಲಿ ಇನ್ನೂ ನಾಕ್ ಜನ ಅವ್ರೆ."