ಸಾವಿರ ಪಿನ್ನಿನ ಮೇಲೆ ಒಂದು ಕೈ

ಮೂರ್ನಾಡಿನ ನಾಗೇಶ್ವರ ಭಟ್ಟರು ಬಿಚ್ಚದ ಕಂಪ್ಯೂಟರ್ ಇಡೀ ಕೊಡಗಿನಲ್ಲೇ ಇಲ್ಲ. ಇದ್ದರೆ ಅದು ಕಂಪ್ಯೂಟರೇ ಅಲ್ಲ, ಬರೀ ಡಬ್ಬ. ವಾರವಿಡೀ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು, ಭಾನುವಾರ ದೇವಸ್ಥಾನದಲ್ಲಿ ಪೂಜೆ. ಕೊಡ್ಲಿಪೇಟೆಯಲ್ಲಿ ಯಾರದೋ ಮಿಷನ್ನು ಗೊರ್ರೆಂದರೆ ಇಲ್ಲಿ ಊಟದೆಲೆಯ ಮುಂದೆ ಕುಳಿತೇ "ಫ್ಯಾನಿನಲ್ಲಿ ಜೇಡ ಸಂಸಾರ ಹೂಡಿದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಜೇಡ ಮಾತ್ರವಲ್ಲ, ಅದರ ಬೀಗರೂ ಬಂದು ಕೂತಿರುತ್ತಿದ್ದರು.

ಇಂಥವರ ಮನೆಗೆ ರೆಡಿ ಕಂಪ್ಯೂಟರ್ ತರುವುದೆಂದರೆ ಅಡುಗೆ ಭಟ್ಟರ ಮನೆಗೆ ಹೋಟೆಲ್ ಸಾರು ತಂದ ಹಾಗೆ. ಆದರೂ ಹೆಂಡತಿ ಅನ್ನಪೂರ್ಣಮ್ಮ ಹದಿನೈದು ದಿನದಿಂದ ಅದೇ ಹಟ ಹಿಡಿದಿದ್ದರು. ಮಗಳು ತನ್ಮಯೀಗೆ ಡಿಸೈನ್ ಕೋರ್ಸಿಗೆ ಒಂದು ಬೇಕಾಗಿತ್ತು.

"ಮಡಿಕೇರಿ ಅಂಗಡಿಯಲ್ಲಿ ಜೋಡಿಸಿಟ್ಟದ್ದೇ ಸಿಗ್ತದಲ್ಲ. ಮೂರು ವರ್ಷ ವಾರಂಟಿ ಬೇರೆ."

"ಅಪ್ಪ ಇರುವಾಗ ವಾರಂಟಿ ಯಾಕಮ್ಮ?" ಎಂದಳು ತನ್ಮಯೀ.

"ಅಂಗಡಿಯವರು ಒಳಗೆ ಏನು ತುಂಬಿರ್ತಾರೋ," ಎಂದರು ಭಟ್ಟರು. "ಹೊರಗೆ ಬಣ್ಣದ ಲೈಟು, ಒಳಗೆ ಬಡಕಲು ಪವರ್ ಸಪ್ಲೈ. ಛತ್ರದ ಬಾಗಿಲಿಗೆ ಸೀರಿಯಲ್ ಸೆಟ್ಟು, ಒಳಗೆ ಹೋದ್ರೆ ಪಾಯಸ ಖಾಲಿ."

ಅನ್ನಪೂರ್ಣಮ್ಮನಿಗೆ ವಾರಂಟಿಯ ಚಿಂತೆಯಿರಲಿಲ್ಲ. ಅವರ ಕಣ್ಣು ಗಂಡನ ಬಲಗೈ ಮೇಲಿತ್ತು. ಅದು ನಡುಗಲು ಶುರುವಾಗಿ ಮೂರು ತಿಂಗಳಾಗಿತ್ತು. ಭಟ್ಟರು ಬಾಯಿ ಬಿಟ್ಟಿರಲಿಲ್ಲ. ತನಗೆ ಗೊತ್ತೆಂದು ಅನ್ನಪೂರ್ಣಮ್ಮನೂ ತೋರಿಸಿಕೊಂಡಿರಲಿಲ್ಲ. ಹೋದ ಭಾನುವಾರ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೋಜ ತೀರ್ಥಕ್ಕೆ ಕೈಯೊಡ್ಡಿದಾಗ ಮೂರು ಸಲದಲ್ಲಿ ಎರಡು ಸಲ ಅಂಗೈ ತಪ್ಪಿ ಮಣಿಕಟ್ಟಿಗೆ ಬಿದ್ದಿತ್ತು.

"ಭಟ್ರೇ, ಈ ಸಲ ನನಗಿಂತ ನನ್ನ ವಾಚಿಗೇ ಪುಣ್ಯ ಜಾಸ್ತಿ," ಎಂದಿದ್ದ ಬೋಜ. ಸಾಲಿನಲ್ಲಿದ್ದವರೆಲ್ಲ ನಕ್ಕರು, ಗೋಪುರದ ಪಾರಿವಾಳಗಳೂ ನಕ್ಕವು. ನಗದವರು ಇಬ್ಬರೇ.

ಕಂಪ್ಯೂಟರ್ ಜೋಡಿಸುವುದೆಂದರೆ ಬಿಸ್ಕತ್ತಿನಗಲದ ಪ್ರೊಸೆಸರನ್ನು ಮದರ್‌ಬೋರ್ಡಿನ ಸಾವಿರಕ್ಕೂ ಮಿಕ್ಕಿದ ಪಿನ್ನುಗಳ ಮೇಲೆ ಇಳಿಸಬೇಕು. ಅವುಗಳ ಮುಂದೆ ಇರುವೆಯ ಮೀಸೆಯೂ ಒನಕೆ. ಕೈ ಜಾರಿ ನಾಲ್ಕು ಬಾಗಿದರೆ ಬೋರ್ಡು ಹೋಯಿತು, ಮಗಳೆದುರು ಭಟ್ಟರ ಮಾನವೂ ಹೋಯಿತು. ಹಾಗೆಂದು ಇನ್ನೂ ಹಟ ಮಾಡಿದರೆ, ಯಾಕೆ ಬೇಡವೆನ್ನುತ್ತಿದ್ದಾಳೆಂದು ಗಂಡನಿಗೆ ಹೊಳೆಯುತ್ತದೆ. ಎರಡು ಕಡೆಯಿಂದಲೂ ಇರಿಯುವ ಆ ಯೋಚನೆಯಲ್ಲಿ ಅನ್ನಪೂರ್ಣಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರು. ಕೊನೆಗೆ ಹಟ ಬಿಟ್ಟರು.

ಶನಿವಾರ ಮಧ್ಯಾಹ್ನ ಬಿಡಿಭಾಗಗಳೆಲ್ಲ ಜಮಖಾನದ ಮೇಲೆ ಹರಡಿದವು. ತನ್ಮಯೀ ವಿಡಿಯೊ ಮಾಡಲು ಫೋನ್ ಹಿಡಿದು ನಿಂತಳು. ಭಟ್ಟರು ಪ್ರೊಸೆಸರನ್ನು ಎರಡು ಬೆರಳಲ್ಲಿ ಎತ್ತಿ ಪಿನ್ನುಗಳ ಮೇಲೆ ತಂದರು. ಅದು ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ಹಿಂದಕ್ಕೆ ತೆಗೆದರು. ಮತ್ತೆ ತಂದರು, ಮತ್ತೆ ತೆಗೆದರು.

"ಅಪ್ಪ, ಏನಾಯ್ತು?"

ಭಟ್ಟರು ತಲೆಯೆತ್ತಲಿಲ್ಲ. "ಅನ್ನಪೂರ್ಣ, ಸಂಕಲ್ಪ ಮಾಡದೆ ಶುರು ಮಾಡಿಬಿಟ್ಟೆ ನೋಡು. ಬಾ, ಕೈ ಮುಟ್ಟು."

ಪೂಜೆಯ ಸಂಕಲ್ಪಕ್ಕೆ ಹೆಂಡತಿ ಗಂಡನ ಬಲಗೈ ಮುಟ್ಟಿ ಕೂರುವುದು ಆ ಮನೆಯಲ್ಲಿ ಹೊಸದಲ್ಲ.

"ಇದಕ್ಕೂನಾ?" ಎಂದು ತನ್ಮಯೀ ನಕ್ಕಳು.

ಅನ್ನಪೂರ್ಣಮ್ಮ ಪಕ್ಕದಲ್ಲಿ ಕೂತರು. ಮುಟ್ಟಲಿಲ್ಲ, ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಭಟ್ಟರು ಬಾಯಲ್ಲಿ ಏನೋ ಮಂತ್ರ ಗುನುಗಿದರು. ಎರಡು ಕೈಗಳೂ ಒಟ್ಟಿಗೆ ಕೆಳಗಿಳಿದವು. ಪ್ರೊಸೆಸರ್ ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು.

ಸಂಜೆಯೊಳಗೆ ಪರದೆ ಬೆಳಗಿತು. ತನ್ಮಯೀ ಗೆಳತಿಯರಿಗೆ ಫೋನ್ ಮಾಡುತ್ತ ಅಂಗಳಕ್ಕೆ ಓಡಿದಳು.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಎಂದರು ಭಟ್ಟರು.

"ಬೋಜನ ವಾಚಿಗಿಂತ ಮುಂಚೆ."

ಭಟ್ಟರು ಉಳಿದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಒಂದು ಹೊರಗೆ ಬಿತ್ತು.

"ನಾಳೆ ಭಾನುವಾರ," ಎಂದರು.

ಗರ್ಭಗುಡಿಯ ಹೊಸಿಲು ಮೂರೇ ಇಂಚು. ಅನ್ನಪೂರ್ಣಮ್ಮನಿಗೆ ಅದು ತಡಿಯಂಡಮೋಳ್ ಬೆಟ್ಟಕ್ಕಿಂತ ಎತ್ತರ. ಅದನ್ನು ದಾಟಿ ಹೋಗಿ ಅವರು ಯಾರ ಕೈಯನ್ನೂ ಹಿಡಿಯುವಂತಿರಲಿಲ್ಲ. ಬಗ್ಗಿ ಆ ಸ್ಕ್ರೂ ಹೆಕ್ಕಿ ಡಬ್ಬಿಗೆ ಹಾಕಿದರು, ಮುಚ್ಚಳ ತಿರುಗಿಸಿದರು. ಆಮೇಲೂ ತುಂಬ ಹೊತ್ತು ತಿರುಗಿಸುತ್ತಲೇ ಇದ್ದರು.