ಒಬ್ಬರ ತೆಪ್ಪ

ಒಂದೇ ವಾರದಲ್ಲಿ ಯಶೋಧಾ ದೋಣಿ ಮಾರುವ ಮುರುಗಪ್ಪನ ಶೆಡ್ಡಿಗೆ ಬಂದದ್ದು ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ದೋಣಿಗಳ ಸುತ್ತ ಓಡಾಡಿ, ಗೆಣ್ಣಿನಿಂದ ತಟ್ಟಿ ನೋಡಿ, "ನಾಳೆ ಹೇಳ್ತೀನಣ್ಣ" ಎಂದು ಹೊರಟುಹೋಗಿದ್ದಳು. ಮನೆ ಸೇರಿದ ಮೇಲೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಎಸರು ಕುದಿದು ಇಂಗುತ್ತಿದ್ದರೂ ಬಾಗಿಲಲ್ಲಿ ನಿಂತು ಹಿನ್ನೀರನ್ನೇ ನೋಡುತ್ತಿದ್ದಳು.

ಮಾರಿಕಣಿವೆ ಅಣೆಕಟ್ಟು ಕೋಡಿಬಿದ್ದ ವರ್ಷ ಆ ನೀರು ಹೊಸದುರ್ಗದ ಕಡೆಯ ಅವಳ ಊರಿನ ಅಂಚಿಗೆ ಬಂದು, ಕುರಿ ಮೇಯುತ್ತಿದ್ದ ಬಯಲನ್ನು ನುಂಗಿತ್ತು. ಅಂದಿನಿಂದ ಗಂಡ ತಿಮ್ಮೇಶ್ ಹಿಂಡು ಹೊಡೆದುಕೊಂಡು ಹೊಳಲ್ಕೆರೆ ಸೀಮೆಯಲ್ಲೇ ಅಲೆಯುತ್ತಿದ್ದ. ಯಶೋಧಾ ಸೋದರಮಾವನನ್ನೇ ಮದುವೆಯಾದವಳು. ಚಿಕ್ಕಂದಿನಿಂದ 'ಮಾವ' ಎಂದು ಕರೆದ ಬಾಯಿಗೆ ಇವತ್ತಿಗೂ ಬೇರೆ ಮಾತು ಬರುತ್ತಿರಲಿಲ್ಲ.

"ಈ ಯುಗಾದಿ ಕಳೀಲಿ, ಕುರಿ ಮಾರಿ ಬಂದ್‌ಬಿಡ್ತೀನಿ. ಇಬ್ರೂ ಸೇರಿ ಮೀನು ಹಿಡಿಯಾಣ" ಎಂದು ಅವನು ಫೋನಿನಲ್ಲಿ ಹೇಳುತ್ತಲೇ ಮೂರು ಯುಗಾದಿ ಕಳೆದಿದ್ದವು. ಈ ವರ್ಷ ಅವಳು ಕಾಯಲಿಲ್ಲ. ಮೀನುಗಾರರ ಸಂಘಕ್ಕೆ ಸೇರಿ ಲೈಸೆನ್ಸ್ ಮಾಡಿಸಿಕೊಂಡಳು. ಮೂವತ್ತು ವರ್ಷದಿಂದ ಅದೇ ಅಣೆಕಟ್ಟಿನ ನೀರಿನಲ್ಲಿ ಬಲೆ ಬಿಡುತ್ತಿದ್ದ ಕಾಟಮ್ಮನ ಜೊತೆ ಎರಡು ತಿಂಗಳು ಹೋಗಿ ಬಲೆ ಎಳೆಯುವುದನ್ನೂ ಅಷ್ಟಿಷ್ಟು ಈಜುವುದನ್ನೂ ಕಲಿತಳು. ಇನ್ನುಳಿದದ್ದು ಸ್ವಂತದ್ದೊಂದು ದೋಣಿ.

ಇವತ್ತು ಕಾಟಮ್ಮನೂ ಜೊತೆಗೆ ಬಂದಿದ್ದಳು. ಮುರುಗಪ್ಪ ಬೆಂಚು ಒರೆಸಿ, "ಬರ್ರಿ, ಕುಂತ್ಕಳ್ರಿ. ಇವತ್ತಾದ್ರೂ ಇತ್ಯರ್ಥ ಆಗ್ತೈತಾ?" ಎಂದ.

ಅವನ ಹತ್ತಿರ ಮಾರಲು ಇದ್ದದ್ದು ಎರಡು. ಒಂದು, ನೀಲಿ ಬಣ್ಣದ ಉದ್ದನೆಯ ಫೈಬರ್ ದೋಣಿ; ಬೇಕೆಂದರೆ ಮುಂದೆ ಮೋಟರನ್ನೂ ಕೂರಿಸಬಹುದು. ಇನ್ನೊಂದು, ದುಂಡನೆಯ ಸಣ್ಣ ತೆಪ್ಪ. ಅದೂ ಫೈಬರಿನದೇ, ಆದರೆ ನೋಡಲು ದೊಡ್ಡ ಬಾಣಲೆಯಂತಿತ್ತು. ಯಶೋಧಾಳ ಕಣ್ಣು ಪ್ರತಿ ಸಲವೂ ನೀಲಿ ದೋಣಿಯ ಮೇಲೇ ನಿಲ್ಲುತ್ತಿತ್ತು. ಹಿಂದಿನ ದಿನ ತಿಮ್ಮೇಶನೂ ಫೋನಿನಲ್ಲಿ ಅದನ್ನೇ ಹೇಳಿದ್ದ. "ಉದ್ದಂದೇ ತಗಾ. ಇಬ್ರು ಕುಂತ್ಕಬೋದು. ತೆಪ್ಪ ಮಾತ್ರ ಬ್ಯಾಡ, ಗಿರಗಿರ ತಿರುಗ್ತೈತೆ."

"ನೋಡ್ತಾ ನಿಂತ್ರೆ ಏನ್ ಗೊತ್ತಾಗ್ತೈತೆ? ನೀರಿಗಿಳಿಸ್ರಿ" ಎಂದಳು ಕಾಟಮ್ಮ.

ಮೊದಲು ನೀಲಿ ದೋಣಿ. ಅದನ್ನು ದಡದಿಂದ ನೀರಿಗೆ ನೂಕಲು ಮೂವರೂ ಬೇಕಾಯಿತು. ಯಶೋಧಾ ಲೈಫ್ ಜಾಕೆಟ್ ಕಟ್ಟಿಕೊಂಡು ಹತ್ತಿ ಹುಟ್ಟು ಹಾಕಿದಳು. ದೋಣಿ ಗೆರೆ ಎಳೆದಂತೆ ನೇರ ಹೋಯಿತು. ಅವಳಿಗೆ ಎದೆ ತುಂಬಿಬಂತು. ಆದರೆ ಕಾಟಮ್ಮ ಮೊದಲೇ ಬಿಟ್ಟಿದ್ದ ಬಲೆಯನ್ನು ಎಳೆಯಲು ಯಶೋಧಾ ಪಕ್ಕಕ್ಕೆ ಬಾಗಿದ್ದೇ ತಡ, ದೋಣಿ ಅತ್ತ ವಾಲಿ ಅಂಚಿನ ಮೇಲಿಂದ ನೀರು ನುಗ್ಗಿತು. ಹೆದರಿ ಬಲೆ ಬಿಟ್ಟಳು. ಇನ್ನೊಮ್ಮೆ ಬಾಗಿದಳು, ಮತ್ತೆ ಅದೇ. ಮೊಣಕಾಲವರೆಗೆ ನೆನೆದು ದಡಕ್ಕೆ ಬಂದಳು.

"ಆ ಕಡಿಗೆ ಇನ್ನೊಬ್ರು ಕುಂತ್ರೆ ಸರಿಹೋಗ್ತೈತೆ" ಎಂದ ಮುರುಗಪ್ಪ.

"ಇನ್ನೊಬ್ರು ಎಲ್ಲವ್ರೆ?" ಎಂದಳು ಕಾಟಮ್ಮ. ಒಣಗಿ ಬಿರುಕು ಬಿಟ್ಟಿದ್ದ ಕೆಸರಿನ ಕಡೆ ಕೈ ತೋರಿಸಿದಳು. "ಹೋದ ತಿಂಗಳು ನೀರು ಆ ಜಾಲಿ ಮರದ ಬುಡದಾಗಿತ್ತು. ಬೇಸಿಗೆಗೆ ಇನ್ನೂ ಅರ್ಧ ಮೈಲಿ ಹಿಂದಕ್ಕೆ ಹೋಗ್ತೈತೆ. ಆವಾಗ ಇದನ್ನ ಎಳಕಂಡು ಹೋಗೋರು ಯಾರು?"

ಆಮೇಲೆ ತೆಪ್ಪ ಯಶೋಧಾಳ ಮರ್ಯಾದೆಯನ್ನೇ ಕಳೆಯಿತು. ಹುಟ್ಟು ಹಾಕಿದಂತೆಲ್ಲ ಇದ್ದಲ್ಲೇ ಸುತ್ತಿತು. ದಡ, ಗುಡ್ಡ, ಮುರುಗಪ್ಪನ ಶೆಡ್ಡು, ಮತ್ತೆ ದಡ. "ಲೇ, ಪಕ್ಕದಾಗೆ ಹಾಕ್ಬ್ಯಾಡ! ಮುಂದಕ್ಕೆ ಮಂಡಿ ಊರಿ ಕುಂತು ನೀರನ್ನ ನಿನ್ ಕಡಿಗೆ ಎಳಕ!" ಎಂದು ಕಾಟಮ್ಮ ಕೂಗಿದಳು. ಸುಮಾರು ಒಂದು ಗಂಟೆ ಒದ್ದಾಡಿದ ಮೇಲೆ ತೆಪ್ಪ ಓಲಾಡುತ್ತ ಬಲೆಯ ಹತ್ತಿರ ಹೋಯಿತು. ಅವಳು ಅಂಚಿಗೆ ಬಾಗಿ ಬಲೆ ಎಳೆದಳು. ತೆಪ್ಪ ಸ್ವಲ್ಪ ತಗ್ಗಿತೇ ಹೊರತು ಒಂದು ತೊಟ್ಟು ನೀರೂ ಒಳಗೆ ಬರಲಿಲ್ಲ. ಬಲೆಯಲ್ಲಿ ನಾಲ್ಕು ಜಿಲೇಬಿ ಮೀನು ಮಿಡುಕುತ್ತಿದ್ದವು.

ದಡಕ್ಕೆ ಬಂದವಳೇ ತೆಪ್ಪವನ್ನು ಮಗುಚಿ ಬೆನ್ನ ಮೇಲೆ ಹೇರಿಕೊಂಡಳು. ಜಾಲಿ ಮರದವರೆಗೆ ಒಬ್ಬಳೇ ಹೊತ್ತು ನಡೆದಳು. ಅಲ್ಲಿ ಇಳಿಸಿ, ಉಸಿರು ಬಿಡುತ್ತ, ಹಿಂದೆಯೇ ಬಂದ ಮುರುಗಪ್ಪನಿಗೆ "ಇದೇ ಇರ್ಲಣ್ಣ" ಎಂದಳು. ಹೇಳಿದ ಮರುಕ್ಷಣವೇ ತಪ್ಪು ಮಾಡಿದೆನೇನೋ ಎನ್ನಿಸಿ ನೀಲಿ ದೋಣಿಯ ಕಡೆ ತಿರುಗಿ ನೋಡಿದಳು.

ಸುದ್ದಿ ಕೇಳಿ ತಿಮ್ಮೇಶ್ ಫೋನಿನಲ್ಲಿ, "ಒಬ್ಬರಿಗಾಗೋದು ತಗಂಡ್ಯಾ?" ಎಂದಷ್ಟೇ ಕೇಳಿ ಇಟ್ಟ. ಆಮೇಲೆ ಹನ್ನೆರಡು ದಿನ ಫೋನ್ ಮಾಡಲಿಲ್ಲ. ಅಷ್ಟು ದಿನವೂ ಯಶೋಧಾ ಬೆಳಗಾಗುತ್ತಲೇ ನೀರಿಗಿಳಿದಳು. ಮೀನು ಸಿಕ್ಕರೂ ಸಿಗದಿದ್ದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಮಾವನನ್ನು ತಾನೇ ದೂರ ನೂಕಿದಂತಾಯಿತೇ ಎಂದು ಹುಟ್ಟು ಹಾಕುತ್ತಲೇ ಯೋಚಿಸುತ್ತಿದ್ದಳು. ಜೇಬಿನಿಂದ ಫೋನ್ ತೆಗೆದು ನೋಡುವಾಗ ಒಮ್ಮೆ ಬಲೆಯೇ ಕೈಜಾರಿತು.

ಹದಿಮೂರನೇ ದಿನ ಬೆಳಗ್ಗೆ ಹಿಂಡನ್ನು ತಾಳ್ಯದ ಹತ್ತಿರ ತಮ್ಮ ಮಲ್ಲೇಶನ ಕೈಗೆ ಬಿಟ್ಟು ತಿಮ್ಮೇಶ್ ಬಂದೇಬಿಟ್ಟ. ಹೆಗಲಲ್ಲಿ ಕಂಬಳಿ, ಮುಖ ಬಿಗಿದಿತ್ತು. ನೆಟ್ಟಗೆ ದಡಕ್ಕೆ ಬಂದು ತೆಪ್ಪದ ಸುತ್ತ ಒಂದು ಸುತ್ತು ಹಾಕಿದ.

"ನಾನೆಲ್ಲಿ ಕುಂತ್ಕಬೇಕು ಇದ್ರಾಗೆ?"

"ಬಾ ಮಾವ, ತೋರಿಸ್ತೀನಿ."

ಅವನು ಹಿಂದೆ ಮುಂದೆ ನೋಡಿದ. ಲೈಫ್ ಜಾಕೆಟ್ ಅವಳೇ ತೊಡಿಸಿದಳು. ಇಬ್ಬರ ಭಾರಕ್ಕೆ ತೆಪ್ಪ ತಗ್ಗಿತಾದರೂ ತೇಲಿತು. ಅವಳು ನಾಲ್ಕೈದು ಹುಟ್ಟು ಹಾಕಿ ತಿರುಗಿ ನೋಡಿದರೆ, ಹಿಂದೊಮ್ಮೆ ಕುರಿ ಕಚ್ಚಿದ್ದ ತೋಳದ ಹಿಂದೆ ಬರಿಗೈಲಿ ಓಡಿದ್ದ ಮನುಷ್ಯ ಎರಡೂ ಕೈಯಲ್ಲಿ ಅಂಚು ಹಿಡಿದು ಕಣ್ಣು ಮುಚ್ಚಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ದಡಕ್ಕೆ ಹೊಡಿ" ಎಂದ. "ಯಶೀ, ದಡಕ್ಕೆ ಹೊಡಿ."

ಅವಳು ತೆಪ್ಪ ತಿರುಗಿಸಿದಳು. ದಡ ಸೇರಿದ ಮೇಲೂ ಅವನ ಬೆರಳು ಸಡಿಲವಾಗಲಿಲ್ಲ. ಕೊನೆಗೆ ಇಳಿದು ಕೆಸರಲ್ಲೇ ಕುಳಿತ.

"ಉದ್ದನೇದಾಗಿದ್ರೆ ಹೆಂಗೋ ಕುಂತ್ಕತಿದ್ನೇನೋ ಅಂದ್ಕಂಡಿದ್ದೆ. ಇಲ್ಲ. ಅದ್ರಾಗೂ ಆಗ್ತಿರ್ಲಿಲ್ಲ. ನಂಗೆ ನೀರು ಅಂದ್ರೆ ಆಗಲ್ಲ. ಮೊದ್ಲಿಂದ್ಲೂ ಆಗಲ್ಲ."

"ಮೂರು ವರ್ಷದಿಂದ ಯುಗಾದಿ ಯುಗಾದಿ ಅಂತಿದ್ಯಲ್ಲ ಮಾವ, ಇದಕ್ಕಾ?"

"ಹೆಂಡ್ತಿ ಹತ್ರ ಹೆಂಗೆ ಹೇಳಾದು?"

ಯಶೋಧಾಳಿಗೆ ಸಿಟ್ಟು ಬಂತು. ಮೂರು ವರ್ಷ ಬಾಗಿಲಲ್ಲಿ ನಿಂತು ಸವೆಸಿದ ಸಂಜೆಗಳೆಲ್ಲ ನೆನಪಾದವು. ಬೈಯಲೆಂದು ಬಾಯಿ ತೆರೆದಳು. ಅವನು ಇನ್ನೂ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿರುವುದನ್ನು ಕಂಡು, ಬಗ್ಗಿ ಅದನ್ನು ಬಿಚ್ಚಿದಳು.

"ಕುರಿ ಬಿಡ್ಬ್ಯಾಡ" ಎಂದಳು. "ನೀನು ಅದನ್ನ ಕಾಯಿ, ನಾನು ಇದನ್ನ ನೋಡ್ಕತೀನಿ. ತಿಂಗಳಿಗೆರಡು ಸಲ ಮಾತ್ರ ಬರ್ಲೇಬೇಕು."

ಅವನು ತಲೆಯಾಡಿಸಿದ. ಅಷ್ಟರಲ್ಲಿ ಕಣಿವೆಯ ಕಡೆಯಿಂದ ಗಾಳಿ ಎದ್ದು ನೀರು ಸುಕ್ಕುಗಟ್ಟಿತು. ಅವಳು ಬಿಟ್ಟ ಬಲೆ ಇನ್ನೂ ನೀರಿನಲ್ಲೇ ಇತ್ತು. "ಇಲ್ಲೇ ಇರು ಮಾವ, ಬಂದೆ" ಎಂದು ಯಶೋಧಾ ಮತ್ತೆ ತೆಪ್ಪದಲ್ಲಿ ಮಂಡಿ ಊರಿ ಕುಳಿತು ಹುಟ್ಟು ಕೈಗೆತ್ತಿಕೊಂಡಳು. ತಿಮ್ಮೇಶ್ ಎದ್ದು ನಿಂತು ತೆಪ್ಪವನ್ನು ಒಂದು ಸಲ ನೂಕಿಕೊಟ್ಟ. ನೀರು ಪಾದ ಮುಟ್ಟುತ್ತಲೇ ಹಿಂದೆ ಸರಿದು, ಅವಳು ಬಲೆ ಎಳೆದು ಮುಗಿಸುವ ತನಕ ದಡದುದ್ದಕ್ಕೂ ಅತ್ತಿಂದಿತ್ತ ಓಡಾಡುತ್ತಲೇ ಇದ್ದ.